ಎರಡನೇ ಬಸ್ಸು ಮೊದಲು ಬಂದ ಬಗೆ

ನನ್ನ ದಿನಚರಿಯ ಪ್ರತಿ ಪುಟದ ನಡುವೆ ಒಂದು ಗೆರೆ ಇದೆ. ಗೆರೆಯ ಎಡಕ್ಕೆ ‘ಕಾರ್ಡಿನಲ್ಲಿ’, ಬಲಕ್ಕೆ ‘ನಡೆದದ್ದು’ ಎಂದು ಬರೆದಿರುತ್ತೇನೆ. ಪತ್ರಿಕೆಗೆ ಸೇರಿದ ಎರಡನೇ ವಾರದಿಂದ ಈ ಗೆರೆ ಎಳೆಯುತ್ತಿದ್ದೇನೆ. ಅದಕ್ಕೂ ಮೊದಲು ಎರಡೂ ಒಂದೇ ಎಂದು ತಿಳಿದಿದ್ದೆ.

ನಮ್ಮದು ನಾಲ್ಕು ಪುಟದ ದಿನಪತ್ರಿಕೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಹೀಗೆ ತಾಲೂಕಿಗೊಂದು ಪುಟ. ಹಾನಗಲ್ಲಿನವರು ತಮ್ಮ ಪುಟವನ್ನು ಎರಡೆರಡು ಸಲ ಓದಿ ಉಳಿದ ಮೂರನ್ನು ಮಿರ್ಚಿ ಕಟ್ಟಲು ಎತ್ತಿಡುತ್ತಾರೆ. ಹಿರೇಕೆರೂರಿನವರೂ ಅಷ್ಟೇ. ಸಂಪಾದಕರು ಸವಣೂರಿನವರು. ಅವರ ತಂದೆಯ ಕಾಲದಲ್ಲಿ ಅದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು. ಆಮೇಲೆ ದಿನಪತ್ರಿಕೆ ಶುರುವಾಯಿತು, ಆದರೆ ಕಾರ್ಡು ಅಚ್ಚು ಹಾಕುವುದು ನಿಲ್ಲಲಿಲ್ಲ. ನಾಲ್ಕೂ ತಾಲೂಕಿನ ವರದಿಗಾರರು ಅವರನ್ನು ಚಾಚಾ ಎಂದೇ ಕರೆಯುತ್ತೇವೆ. ನಾನು ಹಾನಗಲ್ ಪುಟದ ಅರೆಕಾಲಿಕ ವರದಿಗಾರ್ತಿ. ಹಾನಗಲ್ಲಿನಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಕಾಕಾ, ಕಕ್ಕಿ ಮತ್ತು ಅವರ ಮಗಳ ಜೊತೆ ಇರುತ್ತೇನೆ. ಆ ಮಗಳು, ಅಂದರೆ ನನ್ನ ತಂಗಿ, ಪಿಯುಸಿ ಎರಡನೇ ವರ್ಷ. ಈ ಬರಹದಲ್ಲಿ ಬಸ್ಸು ಬೇಕಾಗಿರುವುದು ಅವಳಿಗೆ.

ನಮ್ಮ ಪುಟಗಳು ಮಧ್ಯಾಹ್ನ ನಾಲ್ಕಕ್ಕೆ ಮುಗಿಯಬೇಕು. ಉದ್ಘಾಟನೆಗಳು ನಡೆಯುವುದು ಸಂಜೆ ಐದರ ಮೇಲೆ. ಈ ಒಂದು ಗಂಟೆಯ ಅಂತರವನ್ನು ದಾಟಲು ಪತ್ರಿಕೆಯಲ್ಲಿ ಬಹಳ ಹಿಂದಿನಿಂದ ಒಂದು ಪದ್ಧತಿ ಇದೆ. ಆಮಂತ್ರಣದ ಕಾರ್ಡು ನೋಡಿ ವರದಿ ಬರೆಯುವುದು. ಕಾರ್ಡಿನಲ್ಲಿ ‘ಉದ್ಘಾಟಿಸುವರು’ ಎಂದಿದ್ದರೆ ವರದಿಯಲ್ಲಿ ‘ಉದ್ಘಾಟಿಸಿದರು’. ‘ಅಧ್ಯಕ್ಷತೆ ವಹಿಸುವರು’ ಎಂದಿದ್ದರೆ ‘ವಹಿಸಿದ್ದರು’. ಭಾಷಣದ ಜಾಗದಲ್ಲಿ ‘ಗ್ರಾಮೀಣ ಭಾಗದ ಅಭಿವೃದ್ಧಿಗೆ ಎಲ್ಲರೂ ಕೈಜೋಡಿಸಬೇಕು ಎಂದರು’ ಎಂದು ಹಾಕಿದರೆ ಯಾವ ಪಕ್ಷದವರಿಗೂ ಬೇಸರವಿಲ್ಲ. ಬಹುಪಾಲು ಮುಖಂಡರು ಹೇಳುವುದೂ ಅದನ್ನೇ.

ಮೊದಮೊದಲು ನನಗೆ ಸಂಕೋಚವಾಗಿ ಚಾಚಾ ಅವರನ್ನು ಕೇಳಿದ್ದೆ. ಅವರು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ ಹೇಳಿದರು: “ಬೇಟಿ, ನಮ್ಮ ಪ್ರೆಸ್ಸಿನ್ಯಾಗ ಇಷ್ಟು ವರ್ಷದಾಗ ಸಾವಿರಾರು ಲಗ್ನದ ಕಾರ್ಡ್ ಛಾಪಿಸೇವಿ. ಲಗ್ನ ನಿಂತಿದ್ದು ಎಷ್ಟು? ಬೆರಳ ಮ್ಯಾಲ ಎಣಿಸಬಹುದು. ಮಂದಿ ಕಾರ್ಡ್ ಛಾಪಿಸಿದ್ರಂದ್ರ ಅರ್ಧಾ ಕೆಲಸ ಆದಂಗ.”

“ಇನ್ನರ್ಧ, ಚಾಚಾ?”

“ಅದನ್ನ ನೀ ಬರಿ.”

ಅದೇ ವಾರ ಆಡೂರಿನ ಹಳೆಯ ಶಾಸನ ನೋಡಲು ಹೋಗಿದ್ದೆ. ಯಾರೋ ಯಾವುದೋ ಕಾಲದಲ್ಲಿ ಹೊಲ ದಾನ ಕೊಟ್ಟದ್ದನ್ನು ಕಲ್ಲಿನಲ್ಲಿ ಕೊರೆದಿದ್ದಾರೆಂದು ಅಲ್ಲಿದ್ದವರು ಹೇಳಿದರು. ಕೊಟ್ಟ ಮೇಲೆ ಕೊರೆದರೋ, ಕೊಡುವ ಮೊದಲೇ ಕೊರೆದರೋ ಎಂಬ ಅನುಮಾನ ನನಗೆ ಬಂತು. ಕಲ್ಲುಕುಟಿಗನಿಗೂ ನಾಲ್ಕು ಗಂಟೆಯ ಗಡುವು ಇದ್ದಿರಬಹುದು. ಅಂದೇ ದಿನಚರಿಯಲ್ಲಿ ಗೆರೆ ಎಳೆದೆ. ಮೂರು ತಿಂಗಳ ನನ್ನ ಲೆಕ್ಕ ಹೀಗಿತ್ತು: ಕಾರ್ಡು ನೋಡಿ ಬರೆದ ವರದಿ ಐವತ್ತೆಂಟು. ಅವುಗಳಲ್ಲಿ ಹೇಳಿದಂತೆ ನಡೆದದ್ದು ನಲವತ್ತೇಳು, ತಡವಾಗಿ ನಡೆದದ್ದು ಹತ್ತು, ನಡೆಯದೇ ಹೋದದ್ದು ಒಂದು.

ಆ ಒಂದು ನಮ್ಮೂರಿನ ಬಸ್ಸು.

ಬೆಳಗಿನ ಏಳು ನಲವತ್ತರ ಬಸ್ಸು ದೀಪಾವಳಿ ಕಳೆದ ಮೇಲಿನ ಸೋಮವಾರದಿಂದ ನಿಂತುಹೋಗಿತ್ತು. ಡ್ರೈವರ್ ಇಲ್ಲ ಎಂದರು. ಮುಂದಿನ ಬಸ್ಸು ಒಂಬತ್ತು ಐವತ್ತಕ್ಕೆ. ಅದರಲ್ಲಿ ಹೋದರೆ ಕಾಲೇಜಿನ ಮೊದಲೆರಡು ಪೀರಿಯಡ್ಡು ಮುಗಿದಿರುತ್ತವೆ, ಎರಡನೆಯದು ರಸಾಯನಶಾಸ್ತ್ರ. ಟಂಟಂ ಗಾಡಿ ಹತ್ತು ಜನ ತುಂಬುವ ತನಕ ಅಲುಗುವುದಿಲ್ಲ. ನಮ್ಮೂರಿನಲ್ಲಿ ಅಷ್ಟು ಹೊತ್ತಿಗೆ ಹಾನಗಲ್ಲಿಗೆ ಹೋಗುವ ಹುಡುಗಿಯರು ಏಳೇ ಜನ. ಪ್ರತಿ ವಿಷಯದಲ್ಲೂ ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನಲ್ಲಿ ಹೇಳಿಬಿಟ್ಟಿದ್ದರು. ವರ್ಷಕ್ಕೆ ರಸಾಯನಶಾಸ್ತ್ರದ ನೂರಾ ಇಪ್ಪತ್ತು ಕ್ಲಾಸು, ಅಂದರೆ ತೊಂಬತ್ತು ಬೇಕು. ಬಸ್ಸು ನಿಂತ ದಿನ ತಂಗಿಯದು ಅರವತ್ತಾರರಲ್ಲಿ ಅರವತ್ತೆರಡು. ನಾನು ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಹಾಜರಿಯ ಒಂದು ಪಟ್ಟಿ ಅಂಟಿಸಿದೆ.

“ಅಕ್ಕಾ, ಆ ಪಟ್ಟಿ ತಗದುಬಿಡ. ಅನ್ನ ಇಳಿವಲ್ದು,” ಎಂದು ತಂಗಿ ಅಂದಳು.

ಒಂಬತ್ತನೇ ದಿನಕ್ಕೆ ಕಾರ್ಡು ಬಂತು. ಹಾನಗಲ್ ಬಸ್ ನಿಲ್ದಾಣದಲ್ಲಿ ಸಂಜೆ ಐದು ಗಂಟೆಗೆ, ನಮ್ಮೂರಿನ ಬೆಳಗಿನ ಬಸ್ಸಿಗೆ ಮುಖಂಡರು ಹಸಿರು ನಿಶಾನೆ ತೋರುವರು. ನಮ್ಮ ಕಡೆ ಇಬ್ಬರು ಮುಖಂಡರಿದ್ದಾರೆ, ಒಬ್ಬರು ಕಳೆದ ಸಲ ಗೆದ್ದವರು, ಇನ್ನೊಬ್ಬರು ಸೋತವರು. ಇದು ಗೆದ್ದವರ ಕಾರ್ಡು. ಬೆಳಗಿನ ಬಸ್ಸಿಗೆ ಸಂಜೆ ನಿಶಾನೆ ಯಾಕೆ ಎಂದು ಯಾರೂ ಕೇಳಲಿಲ್ಲ, ಬೆಳಿಗ್ಗೆ ಮುಖಂಡರು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಎರಡು ಗಂಟೆಗೆ ನಿಲ್ದಾಣಕ್ಕೆ ಹೋದೆ. ಬಸ್ಸು ನಿಂತಿತ್ತು. ಮುಂದೆ ಬಾಳೆಕಂಬ, ಚೆಂಡುಹೂವಿನ ಸರ, ಗಾಜಿನ ಮೇಲೆ ನಮ್ಮೂರಿನ ಬೋರ್ಡು. ಫೋಟೋ ಹೊಡೆದೆ. ಮೂರೂವರೆಗೆ ವರದಿ ಕಳಿಸಿದೆ. ತಂಗಿಯ ಬಸ್ಸು ಎಂಬ ಖುಷಿಯಲ್ಲಿ ‘ವಿದ್ಯಾರ್ಥಿನಿಯರ ಮೊಗದಲ್ಲಿ ಮಂದಹಾಸ’ ಎಂದು ಸ್ವಂತದ ಒಂದು ಸಾಲನ್ನೂ ಸೇರಿಸಿದೆ.

ನಾಲ್ಕೂಕಾಲಿಗೆ ಹುಬ್ಬಳ್ಳಿಗೆ ಹೊರಡಬೇಕಿದ್ದ ಬಸ್ಸು ಕೆಟ್ಟಿತು. ನಿಲ್ದಾಣದಲ್ಲಿ ಖಾಲಿ ಇದ್ದದ್ದು ಒಂದೇ ಬಸ್ಸು. ಬೋರ್ಡು ಬದಲಿಸಿ ಅದನ್ನೇ ಕಳಿಸಿದರು. ಬಾಳೆಕಂಬ ಬಿಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ. ಗೆದ್ದ ಮುಖಂಡರು ಹಿರೇಕೆರೂರಿನ ಒಂದು ಮದುವೆಯಲ್ಲಿ ಸಿಕ್ಕಿಕೊಂಡು ಬರಲೇ ಇಲ್ಲ. ನಮ್ಮ ಶಿಗ್ಗಾಂವಿ ಪುಟದ ವರದಿಗಾರ ಸಂಜೆ ಫೋನು ಮಾಡಿ, “ಮದಿವಿ ಗಾಡಿ ಆದಂಗ ಒಂದು ಬಸ್ ಹೊಂಟೈತಿ, ಯಾರ ಲಗ್ನ ಅಕ್ಕಾರ?” ಎಂದು ಕೇಳಿದ.

ನಿಶಾನೆ ತಪ್ಪಿದರೂ ಬಸ್ಸು ಬರಬಹುದೆಂದು ಮರುದಿನ ಏಳು ಗಂಟೆಗೇ ಏಳು ಹುಡುಗಿಯರು ಸ್ಟಾಪಿನಲ್ಲಿ ನಿಂತರು. ಏಳು ನಲವತ್ತಾಯಿತು, ಎಂಟೂವರೆಯಾಯಿತು. ಒಂಬತ್ತು ಐವತ್ತರ ಬಸ್ಸು ಬಂತು. ಅದರಿಂದ ನಮ್ಮ ಪತ್ರಿಕೆಯ ಕಟ್ಟು ಇಳಿಯಿತು. ಹುಡುಗಿಯರು ನಿಂತಲ್ಲೇ ಬಿಚ್ಚಿ ಓದಿದರು: ಏಳು ನಲವತ್ತರ ಬಸ್ಸು ಶುರುವಾಗಿದೆ, ತಮ್ಮ ಮೊಗದಲ್ಲಿ ಮಂದಹಾಸವಿದೆ. ತಂಗಿ ಆ ಸಾಲಿನ ಫೋಟೋ ತೆಗೆದು ನನಗೆ ಕಳಿಸಿದಳು.

ನಾನು, ಕಕ್ಕಿ, ತಂಗಿ ಮೂವರೂ ಅರ್ಜಿ ಹಿಡಿದು ಡಿಪೋಗೆ ಹೋದೆವು. ಅಲ್ಲಿಯ ಅಧಿಕಾರಿ ಮರ್ಯಾದಸ್ಥರು, “ಬರ್ರಿ, ಕೂಡ್ರಿ,” ಎಂದು ಕುರ್ಚಿ ಕೊಟ್ಟು ಅರ್ಜಿ ಓದಿದರು.

“ಬಸ್ ಚಾಲೂ ಆಗೇತಲ್ರಿ ಮೇಡಂ.”

“ಆಗಿಲ್ರಿ.”

“ಆಗೇತ್ರಿ. ಇಲ್ಲಿ ನೋಡ್ರಿ, ಫೋಟೋ ಸಮೇತ ಬಂದೈತಿ.” ಅವರು ಒಂದು ಫೈಲು ತೆರೆದರು. ನನ್ನ ವರದಿಯನ್ನು ಕತ್ತರಿಸಿ ನೀಟಾಗಿ ಅಂಟಿಸಿದ್ದರು. “ಮುಖಂಡರ ಆಫೀಸಿನಿಂದ ಇದರ ಕಾಪಿ ಮ್ಯಾಲಿನ ಆಫೀಸಿಗೂ ಹೋಗೇತಿ.”

“ಅದನ್ನ ಬರದಾಕಿ ನಾನ ರೀ.”

“ಹಂಗಿದ್ರ ನನಗಿಂತ ನಿಮಗ ಚಲೋ ಗೊತ್ತಿರಬೇಕಲ್ರಿ.”

ಕಕ್ಕಿ ನನ್ನ ಕಡೆ ತಿರುಗಿ ನೋಡಿದಳು. ಹೊಲದಲ್ಲಿ ಮೇವಿಗೆ ಬಾಯಿ ಹಾಕಿದ ಪಕ್ಕದ ಮನೆಯ ಆಕಳನ್ನು ಅವಳು ಹಾಗೆ ನೋಡುತ್ತಾಳೆ.

ಅಧಿಕಾರಿ ನಿಧಾನವಾಗಿ ಬಿಡಿಸಿ ಹೇಳಿದರು. ಓಡುತ್ತಿರುವ ಬಸ್ಸನ್ನು ಶುರು ಮಾಡಿ ಎಂದು ಅರ್ಜಿ ತೆಗೆದುಕೊಳ್ಳಲು ಬರುವುದಿಲ್ಲ. ಬಸ್ಸು ಓಡುತ್ತಿಲ್ಲ ಎಂದು ಅವರೇ ಬರೆದುಕೊಟ್ಟರೆ, ಓಡುತ್ತಿದೆ ಎಂದು ಮೇಲೆ ಹೋದ ಕಾಗದಕ್ಕೆ ಉತ್ತರ ಕೊಡಬೇಕಾಗುತ್ತದೆ. “ಪೇಪರ್‌ದವರು ತಿದ್ದುಪಡಿ ಹಾಕಿದ್ರ ಬ್ಯಾರೆ ಮಾತು ನೋಡ್ರಿ,” ಎಂದರು.

ಮರುದಿನವೇ ಸವಣೂರಿಗೆ ಹೋದೆ. ತಿದ್ದುಪಡಿ ಎಂಬ ಮಾತು ಕೇಳಿದೊಡನೆ ಚಾಚಾ ಟೇಬಲ್ಲಿನ ಮೇಲಿನ ಕಾಗದಗಳನ್ನೆಲ್ಲ ಜೋಡಿಸತೊಡಗಿದರು. ಮನಸ್ಸು ಕೆಟ್ಟಾಗ ಅವರು ಮಾಡುವ ಕೆಲಸ ಅದು.

“ಬೇಟಿ, ತಿದ್ದುಪಡಿ ನಾವು ಒಂದ ಸಲ ಹಾಕೇವಿ. ಬದುಕಿದ್ದವರೊಬ್ಬರಿಗೆ ಶ್ರದ್ಧಾಂಜಲಿ ಹಾಕಿಬಿಟ್ಟಿದ್ವಿ. ಮರುದಿನ ‘ಅವರು ಆರೋಗ್ಯವಾಗಿದ್ದಾರೆ’ ಅಂತ ತಿದ್ದಿದ್ವಿ. ತಿದ್ದಿದ ದಿನಾನ ಹೋಗಿಬಿಟ್ರು. ಮೂರನೇ ದಿನ ಏನ್ ಹಾಕ್ಬೇಕಂತ ನಾ ಸಂಜೀತನಾ ಕುಂತಿದ್ದೆ. ಅವತ್ತಿನಿಂದ ತಿದ್ದುಪಡಿ ಅಂದ್ರ ನನಗ ಅಂಜಿಕಿ.”

“ತಂಗಿ ಪರೀಕ್ಷಾ ಹೋಗ್ತೈತಿ, ಚಾಚಾ.”

ಅವರು ಕಾಗದ ಜೋಡಿಸುವುದನ್ನು ನಿಲ್ಲಿಸಿದರು. ಆದರೆ ಹೂಂ ಎನ್ನಲಿಲ್ಲ.

ಬಸ್ಸಿನಲ್ಲಿ ವಾಪಸು ಬರುತ್ತ ದಿನಚರಿಯಲ್ಲಿ ಬರೆದುಕೊಂಡೆ. ಮುಖಂಡರು ಕಾರ್ಡು ಅಚ್ಚು ಹಾಕಿಸುತ್ತಾರೆ. ಕಾರ್ಡನ್ನು ಪತ್ರಿಕೆ ನಂಬುತ್ತದೆ. ಪತ್ರಿಕೆಯನ್ನು ಡಿಪೋ ನಂಬುತ್ತದೆ. ಡಿಪೋದ ಫೈಲನ್ನು ಮೇಲಿನ ಆಫೀಸು ನಂಬುತ್ತದೆ. ಮೇಲಿನ ಆಫೀಸಿನಿಂದ ‘ಕ್ರಮ ಕೈಗೊಳ್ಳಲಾಗಿದೆ’ ಎಂದು ಕಾಗದ ಬಂದಾಗ ಮುಖಂಡರೂ ನಂಬುತ್ತಾರೆ. ಇಷ್ಟು ಜನರ ನಡುವೆ ಏಳು ಹುಡುಗಿಯರು ಮಾತ್ರ ಸ್ಟಾಪಿನಲ್ಲಿ ನಿಂತು ನಂಬದೇ ಇದ್ದಾರೆ. ಟೀವಿಯಲ್ಲಿ ದೊಡ್ಡ ದೊಡ್ಡವರು ಮಾಧ್ಯಮ ಮತ್ತು ಪ್ರಜಾಪ್ರಭುತ್ವ ಎಂದು ಚರ್ಚೆ ಮಾಡುವಾಗ ನನಗೆ ನೆನಪಾಗುವುದು ಆ ಸ್ಟಾಪು.

ಮುಂದಿನ ವಾರ ಸೋತ ಮುಖಂಡರು ನಮ್ಮೂರಿಗೆ ಬಂದರು. ಚುನಾವಣೆಗೆ ಇನ್ನೂ ತಿಂಗಳುಗಳಿದ್ದವು, ಆದರೆ ಕಾರ್ಡುಗಳು ಆಗಲೇ ಶುರುವಾಗಿದ್ದವು. ಪಂಚಾಯಿತಿ ಕಟ್ಟೆಯ ಮೇಲೆ ಕೂತು, “ಏನ್ ಬೇಕ್ರಿ ನಿಮಗ, ಹೇಳ್ರಿ,” ಎಂದರು. ಗಟಾರ ಎಂದರು ಒಬ್ಬರು, ಲೈಟು ಎಂದರು ಇನ್ನೊಬ್ಬರು. ಕಕ್ಕಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಈಗ ನನ್ನ ವರದಿಯ ಬಣ್ಣ ಬಯಲಾಗುತ್ತದೆ ಎಂದು ನಾನು ತಲೆ ತಗ್ಗಿಸಿದೆ.

“ನಮಗ ಮುಂಜಾನಿ ಎರಡನೇ ಬಸ್ ಬೇಕ್ರಿ,” ಎಂದಳು ಕಕ್ಕಿ.

“ಎರಡನೇದು ಯಾಕವ್ವಾ?”

“ಮೊದಲನೇದು ಅವರು ಕೊಟ್ಟಾರಲ್ರಿ. ಪೇಪರ್‌ದಾಗ ಬಂದೈತಿ. ಅದರ ಮ್ಯಾಲ ನೀವೊಂದು ಕೊಟ್ರ ನಿಮ್ಮ ಹೆಸರೂ ಇರ್ತೈತಿ.”

ಸೋತ ಮುಖಂಡರ ಮುಖ ಮೊದಲ ಮಾತಿಗೆ ಬಾಡಿತು, ಎರಡನೇ ಮಾತಿಗೆ ಅರಳಿತು. ಆ ವರದಿಯನ್ನು ಅವರೂ ಓದಿ ಸಂಕಟಪಟ್ಟಿದ್ದರು. “ಬರೀಲಿ ಇದನ್ನ,” ಎಂದು ನನ್ನ ಕಡೆ ಕೈ ತೋರಿಸಿದರು.

ಮನೆಗೆ ಬಂದ ಮೇಲೆ ಕಕ್ಕಿಯನ್ನು ಕೇಳಿದೆ, ಅಷ್ಟು ಜನರೆದುರು ಇಲ್ಲದ ಬಸ್ಸನ್ನು ಯಾಕೆ ಒಪ್ಪಿಕೊಂಡೆ ಎಂದು.

“ಒಪ್ಪಿಕೊಂಡಾಕಿ ನೀನ. ನಾ ಏನ್ ಹೇಳಿದ್ನಿ? ಪೇಪರ್‌ದಾಗ ಬಂದೈತಿ ಅಂದ್ನಿ. ಬಂದಿಲ್ಲೇನು? ಇಲ್ಲ ಅಂತ ಹೇಳ್ಕೋತ ಕುಂತ್ರ ಒಬ್ಬಾಂವ ಸಿಟ್ಟಾಗ್ತಾನ, ಇನ್ನೊಬ್ಬಾಂವ ನಗ್ತಾನ, ಬಸ್ ಯಾವನೂ ತರಂಗಿಲ್ಲ.”

ನಾನು ವರದಿ ಬರೆದೆ: ಗ್ರಾಮಸ್ಥರು ಎರಡನೇ ಬಸ್ಸಿಗೆ ಒತ್ತಾಯಿಸಿದರು. ಕಾರ್ಡು ನೋಡದೆ, ಕಣ್ಣಾರೆ ಕಂಡು ಬರೆದದ್ದು. ಕೊನೆಯ ಪ್ಯಾರಾದಲ್ಲಿ ‘ಮೊದಲ ಬಸ್ಸು ಈವರೆಗೂ ಬಂದಿಲ್ಲ’ ಎಂದು ಸೇರಿಸಿದೆ. ಚಾಚಾ ಫೋನು ಮಾಡಿದರು.

“ಕಡೀ ಸಾಲು ತಗೀತೇನಿ ಬೇಟಿ.”

“ಅದೊಂದ ಖರೇ ಐತಿ, ಚಾಚಾ.”

“ಖರೇ ಐತಿ. ಅದನ್ನ ಓದಿದ ಕೂಡ್ಲೇ ಇಬ್ಬರೂ ಮೊದಲನೇ ಬಸ್ಸಿನ ಜಗಳ ಹಚ್ಚಿಕೊಂಡು ಎರಡನೇದನ್ನ ಮರೀತಾರ. ನಿನಗ ಸಾಲು ಬೇಕೋ, ತಂಗಿಗೆ ಬಸ್ ಬೇಕೋ, ನೀನ ಹೇಳು. ನೀ ಹೇಳಿದಂಗ ಮಾಡ್ತೇನಿ.”

ಅಡಿಗೆಮನೆಯ ಕ್ಯಾಲೆಂಡರಿನ ಕಡೆ ನೋಡಿದೆ. ಅಂದಿಗೆ ತಂಗಿಯ ಹಾಜರಿ ಎಂಬತ್ತೆರಡರಲ್ಲಿ ಅರವತ್ತೈದು. ಬಸ್ಸು ನಿಂತ ಮೇಲೆ ಮೂರು ದಿನ ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕೂತು ಹೋಗಿದ್ದಳು. “ಬಸ್,” ಎಂದೆ. ಆ ಸಾಲನ್ನು ತೆಗೆಸಿದ್ದು ನಾನೇ. ಅದನ್ನೂ ಬಲಗಡೆಯ ಅಂಕಣದಲ್ಲಿ ಬರೆದಿಟ್ಟಿದ್ದೇನೆ.

ಆಮೇಲೆ ನಡೆದದ್ದನ್ನು ನಾನು ಊಹಿಸಿರಲಿಲ್ಲ. ಗೆದ್ದ ಮುಖಂಡರು ಹೇಳಿಕೆ ಕೊಟ್ಟರು: ತಾವು ಕೊಟ್ಟ ಬಸ್ಸಿನಲ್ಲಿ ಸೀಟುಗಳು ಖಾಲಿ ಇರುತ್ತವೆ, ಎರಡನೆಯದರ ಅಗತ್ಯವಿಲ್ಲ. ಸೋತ ಮುಖಂಡರು ಉತ್ತರ ಕೊಟ್ಟರು: ಹುಡುಗಿಯರು ಬಾಗಿಲಿಗೆ ಜೋತುಬೀಳುತ್ತಿದ್ದಾರೆ, ಇದು ನಾಚಿಕೆಗೇಡು. ಇಬ್ಬರ ಕಡೆಯವರೂ ತಮ್ಮ ತಮ್ಮ ಹೇಳಿಕೆಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡರು. ಒಬ್ಬ ಹುಡುಗ ಬೇರೆ ಎಲ್ಲಿಯದೋ ಜೋತುಬಿದ್ದ ಬಸ್ಸಿನ ಫೋಟೋ ಹುಡುಕಿ ಹಾಕಿದ. ಆ ಬಸ್ಸಿನ ಮೇಲಿನ ಬೋರ್ಡು ಕನ್ನಡದಲ್ಲೇ ಇರಲಿಲ್ಲ. ಹಿರೇಕೆರೂರು ತಾಲೂಕಿನ ಒಂದು ಹಳ್ಳಿಯವರು ವಾಟ್ಸಾಪಿನಲ್ಲಿ ಇದನ್ನೆಲ್ಲ ನೋಡಿ, ‘ಹಾನಗಲ್ ತಾಲೂಕಿನ ಆ ಊರಿನಂಥ ಬಸ್ಸು ನಮಗೂ ಬೇಕು’ ಎಂದು ಮನವಿ ಕೊಟ್ಟರು. ನಾನು ಲೆಕ್ಕ ಹಾಕಿದೆ. ಮೊದಲ ಬಸ್ಸಿನ ಬಗ್ಗೆ ನಮ್ಮ ಪತ್ರಿಕೆಯಲ್ಲಿ ಅಚ್ಚಾದ ಸಾಲುಗಳು ನೂರಾ ನಲವತ್ಮೂರು. ಅದರಲ್ಲಿ ಹತ್ತಿದ ಪ್ರಯಾಣಿಕರು ಸೊನ್ನೆ.

ತಂಗಿ ಇದನ್ನೆಲ್ಲ ಸ್ಟಾಪಿನಲ್ಲಿ ಕೂತು ಓದುತ್ತಿದ್ದಳು. “ಅಕ್ಕಾ, ನಾ ಸೀಟಿನ್ಯಾಗ ಕುಂತೇನೋ, ಜೋತುಬಿದ್ದೇನೋ? ಯಾರ ಮಾತು ಕೇಳ್ಲಿ?” ಎಂದಳು.

ಡಿಪೋದಲ್ಲಿ ಎರಡನೇ ಬಸ್ಸಿನ ಅರ್ಜಿಯನ್ನು ಅಧಿಕಾರಿ ಸಂತೋಷದಿಂದ ತೆಗೆದುಕೊಂಡರು. ಅಂಥ ಬಸ್ಸು ಅವರ ಫೈಲಿನಲ್ಲಿ ಇರಲಿಲ್ಲ, ಹೀಗಾಗಿ ಕೊಡಲು ಅಡ್ಡಿಯಿರಲಿಲ್ಲ. ಸೋತ ಮುಖಂಡರು ಎಲ್ಲೆಲ್ಲಿಗೋ ಫೋನು ಹಚ್ಚಿ ಡ್ರೈವರನ್ನೂ ಹೊಂದಿಸಿದರು. ಕಾರ್ಡು ಬಂತು: ಭಾನುವಾರ ಸಂಜೆ ಐದಕ್ಕೆ ಹಸಿರು ನಿಶಾನೆ, ಸೋಮವಾರ ಬೆಳಿಗ್ಗೆಯಿಂದ ಸಂಚಾರ.

ಭಾನುವಾರ ಮೂರು ಗಂಟೆಗೆ ಚಾಚಾ ಫೋನು. “ವರದಿ ಎಲ್ಲಿ?”

“ಬಸ್ ಬಂದ ಮ್ಯಾಲ ಬರೀತೇನಿ.”

“ಕಾರ್ಡ್ ಐತಲ್ಲ. ನಾನ ಛಾಪಿಸೇನಿ ಅದನ್ನ.”

“ಹೋದ ಸಲದ್ದನ್ನೂ ನೀವ ಛಾಪಿಸಿದ್ರಿ, ಚಾಚಾ.”

ಅವರು ಫೋನಿಟ್ಟರು. ಸೋಮವಾರದ ಹಾನಗಲ್ ಪುಟದಲ್ಲಿ, ಬಸ್ಸಿನ ವರದಿ ಬರಬೇಕಿದ್ದ ಕಡೆ, ‘ಈ ಸ್ಥಳ ಜಾಹೀರಾತಿಗೆ ಮೀಸಲು’ ಎಂದಿತ್ತು.

ಅಂದು ಬೆಳಿಗ್ಗೆ ನಾನೂ ಸ್ಟಾಪಿಗೆ ಹೋದೆ. ತಂಗಿಯ ಹಾಜರಿ ಅಂದಿಗೆ ತೊಂಬತ್ತೆರಡರಲ್ಲಿ ಅರವತ್ತಾರು. ಉಳಿದ ಇಪ್ಪತ್ತೆಂಟು ಕ್ಲಾಸುಗಳಲ್ಲಿ ಇಪ್ಪತ್ನಾಲ್ಕು ಬೇಕಿತ್ತು. ಏಳು ನಲವತ್ತಾಯಿತು. ಏಳು ಐವತ್ತೆರಡಕ್ಕೆ ತಿರುವಿನಲ್ಲಿ ಬಾಳೆಕಂಬದ ತುದಿ ಕಾಣಿಸಿತು. ಕಕ್ಕಿ ಹೋಗಿ ಬಸ್ಸಿನ ಮೂತಿಯನ್ನು ಕೈಯಿಂದ ಮುಟ್ಟಿ ನೋಡಿದಳು. ತಂಗಿ ಹತ್ತಿ ಆಧಾರ್ ತೋರಿಸಿ ಹೆಣ್ಣುಮಕ್ಕಳ ಉಚಿತ ಟಿಕೆಟ್ ತೆಗೆದುಕೊಂಡಳು. ಸೊನ್ನೆ ರೂಪಾಯಿಯ ಆ ಟಿಕೆಟ್ಟಿನ ಮೇಲೆ ದಿನ, ಹೊತ್ತು, ಊರು ಎಲ್ಲವೂ ಸರಿಯಾಗಿ ಅಚ್ಚಾಗಿತ್ತು. ಸಂಜೆ ಅದನ್ನು ಅವಳಿಂದ ಇಸಿದುಕೊಂಡು ದಿನಚರಿಯ ಬಲಗಡೆಗೆ ಅಂಟಿಸಿದೆ.

ಅಂದು ಬೆಳಿಗ್ಗೆಯೇ ಒಂಬತ್ತು ಗಂಟೆಗೆ ಸೋತ ಮುಖಂಡರ ಫೋನು ಬಂತು. ಹಾನಗಲ್ಲಿನಲ್ಲಿ ಪತ್ರಿಕೆ ನೋಡಿದ್ದರು.

“ಏನ್ರಿ ಮೇಡಂ, ನನ್ನ ಬಸ್ ಬರಲಿಲ್ಲಲ್ರಿ.”

“ಬಂತ್ರಿ ಸರ್. ಹನ್ನೆರಡು ನಿಮಿಷ ತಡಾ, ಅಷ್ಟ.”

“ರಸ್ತಾಕ ಬಂದ್ರ ಏನಾತ್ರಿ? ಪೇಪರ್‌ದಾಗ ಬರಲಿಲ್ಲಲ್ಲ.”

ಅಂದು ಮಧ್ಯಾಹ್ನ ಎಲ್ಲವನ್ನೂ ಬರೆದೆ. ಎರಡನೇ ಬಸ್ಸು ಬಂದದ್ದು, ಮೊದಲನೆಯದು ಬಾರದೇ ಇದ್ದದ್ದು, ಬಂದಿದೆ ಎಂದು ಬರೆದವಳು ನಾನೇ ಎಂಬುದು, ಎಲ್ಲವನ್ನೂ. ಸವಣೂರಿಗೆ ಹೋಗಿ ಚಾಚಾ ಅವರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ ಕಾಗದಗಳನ್ನು ಜೋಡಿಸತೊಡಗಿದರು.

“ಇದು ತಿದ್ದುಪಡಿ ಆತಲ್ಲ.”

“ಹೌದ್ರಿ, ಚಾಚಾ. ಬಸ್ ಬಂದೈತಿ, ಇನ್ನ ಯಾರಿಗೂ ತ್ರಾಸಿಲ್ಲ.”

“ತಿದ್ದಿದ ದಿನ ಬಸ್ ನಿಂತ್ರ?”

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ವರದಿ ಒಂದಕ್ಷರವೂ ಬದಲಾಗದೆ ಅಚ್ಚಾಯಿತು, ಆದರೆ ಹಿರೇಕೆರೂರು ಪುಟದಲ್ಲಿ. ಹಾನಗಲ್ಲಿನಲ್ಲಿ ಯಾರೂ ಓದಲಿಲ್ಲ. ಮಿರ್ಚಿ ಕಟ್ಟಿಸಿಕೊಂಡವರಲ್ಲಿ ಯಾರಾದರೂ ಓದಿದ್ದರೆ ಗೊತ್ತಿಲ್ಲ.

ಎರಡನೇ ಬಸ್ಸು ಇಂದಿಗೂ ಬರುತ್ತಿದೆ. ಊರಿನಲ್ಲಿ ಅದಕ್ಕೆ ಹೆಸರೇ ‘ಎರಡನೇ ಬಸ್ಸು’. ಹೊಸಬರು ಯಾರಾದರೂ ಮೊದಲನೆಯದು ಎಷ್ಟಕ್ಕೆ ಎಂದು ಕೇಳಿದರೆ ನನ್ನ ಮನೆಯ ಕಡೆ ಕೈ ತೋರಿಸುತ್ತಾರೆ. ಆ ಇಪ್ಪತ್ತೆಂಟು ದಿನಗಳಲ್ಲಿ ತಂಗಿಗೆ ತಪ್ಪಿದ್ದು ಮೂರು ಕ್ಲಾಸು. ಒಂದು ದಿನ ಜ್ವರ, ಒಂದು ದಿನ ಟೈರು. ಇನ್ನೊಂದು ದಿನ ಸೋತ ಮುಖಂಡರು ತಾವು ಕೊಟ್ಟ ಬಸ್ಸನ್ನು ತಮ್ಮದೇ ಸಮಾವೇಶಕ್ಕೆ ಜನ ತರಲು ಒಯ್ದಿದ್ದರು. ಒಟ್ಟು ತೊಂಬತ್ತೊಂದು. ಬೇಕಾದದ್ದಕ್ಕಿಂತ ಒಂದು ಹೆಚ್ಚು. ಆ ಒಂದನ್ನು ಏನು ಮಾಡಲಿ ಎಂದು ತಂಗಿ ನನ್ನನ್ನು ಕೇಳಿದಳು.

ಹಾಲ್ ಟಿಕೆಟ್ ಬಂದ ದಿನವೇ ಪತ್ರಿಕೆಗೆ ಹಿರೇಕೆರೂರು ತಾಲೂಕಿನ ಆ ಹಳ್ಳಿಯಿಂದ ಒಂದು ಪತ್ರ ಬಂದಿತ್ತು. ಚಾಚಾ ಅದರ ಫೋಟೋ ತೆಗೆದು ನನಗೆ ಕಳಿಸಿದರು. ‘ತಮ್ಮ ಪತ್ರಿಕೆಯ ವರದಿಯನ್ನು ಕೂಲಂಕಷವಾಗಿ ಓದಿದ್ದೇವೆ. ನಮ್ಮೂರಿಗೆ ಮೊದಲನೇ ಬಸ್ಸು ಬೇಡ. ನೇರವಾಗಿ ಎರಡನೇ ಬಸ್ಸನ್ನೇ ಮಂಜೂರು ಮಾಡಿಸಬೇಕಾಗಿ ವಿನಂತಿ.’ ಕೆಳಗೆ ಮೂವತ್ತೊಂದು ಸಹಿಗಳಿದ್ದವು, ಹೆಬ್ಬೆಟ್ಟೂ ಸೇರಿ.

ನಾನು ದಿನಚರಿ ತೆಗೆದು ಗೆರೆ ಎಳೆದೆ. ಎಡಗಡೆ ಬರೆಯಲು ಏನೂ ಇರಲಿಲ್ಲ, ಹಾಲ್ ಟಿಕೆಟ್ಟಿಗೆ ಯಾರೂ ಕಾರ್ಡು ಅಚ್ಚು ಹಾಕಿಸಿರಲಿಲ್ಲ. ಬಲಗಡೆ ಬರೆದೆ: ಬಂತು. ಕೈಯಲ್ಲಿ ಹಿಡಿದು ನೋಡಿದೆ.